ಗವಂತಿ ಹೊಲಿಗೆಯ ಮೊದಲ ಪಾಠ

ಸೂಚೀಕಟಾಹನ್ಯಾಯವೆಂಬುದೊಂದು ಸಂಸ್ಕೃತದಲ್ಲಿ ಉಂಟು. ಒಬ್ಬನು ಕಮ್ಮಾರನ ಬಳಿಗೆ ಬಂದು ಕೊಪ್ಪರಿಗೆಯೊಂದನ್ನು ಮಾಡಿಕೊಡೆಂದನಂತೆ. ಅವನ ಬೆನ್ನಿಗೇ ಮತ್ತೊಬ್ಬನು ಬಂದು ತನಗೊಂದು ಸೂಜಿ ಬೇಕೆಂದನಂತೆ. ಕಮ್ಮಾರನು ಮೊದಲು ಸೂಜಿಯನ್ನು ಮುಗಿಸಿಕೊಟ್ಟು ಆಮೇಲೆ ಕೊಪ್ಪರಿಗೆಗೆ ಕೈಹಾಕಿದನು. ಅಲ್ಪವಾದುದನ್ನು ಮೊದಲು ಮುಗಿಸಿ ಮಹತ್ತಾದುದನ್ನು ಅನಂತರ ಹಿಡಿಯತಕ್ಕದ್ದು ಎಂಬುದು ಇದರ ತಾತ್ಪರ್ಯ. ಮೂವತ್ತಕ್ಕೂ ಹೆಚ್ಚು ವರ್ಷ ನಾವು ಈ ನ್ಯಾಯವನ್ನು ಮಕ್ಕಳಿಗೆ ಹೇಳಿಕೊಟ್ಟೆವು. ಆದರೆ ಸೂಜಿಯ ಕೆಲಸವು ನಿಜವಾಗಿಯೂ ಅಲ್ಪವೇ ಎಂದು ಒಮ್ಮೆಯಾದರೂ ಯೋಚಿಸಿದವರಲ್ಲ. ಅರವತ್ತು ದಾಟಿದ ಮೇಲೆ ಸೂಜಿಯನ್ನು ಕೈಯಲ್ಲಿ ಹಿಡಿಯಬೇಕಾಗಿ ಬಂದಾಗಲೇ ನಮಗೆ ಅದರ ಭಾರ ತಿಳಿದದ್ದು.

ಹಿಡಿಯಬೇಕಾಗಿ ಬಂದುದೇಕೆಂಬುದನ್ನು ಮೊದಲು ಹೇಳಬೇಕು. ನಮ್ಮ ಮನೆಯವರು ಧಾರವಾಡದ ಕಡೆಯವರು. ಮದುವೆಯಾಗಿ ಹುಣಸೂರಿಗೆ ಬರುವಾಗ ಆಕೆಯ ಪೆಟ್ಟಿಗೆಯಲ್ಲಿ ಕಸೂತಿಯ ಒಂದು ಚಂದ್ರಕಾಳಿ ಸೀರೆಯೂ, ಮೊಂಡುಮೊನೆಯ ನಾಲ್ಕಾರು ಸೂಜಿಗಳೂ, ಬಣ್ಣಬಣ್ಣದ ದಾರದ ಸುರುಳಿಗಳೂ ಇದ್ದುವು. ನಮ್ಮ ಸೀಮೆಯಲ್ಲಿ ಕಸೂತಿಯ ಬಳಕೆ ಅಷ್ಟಾಗಿ ಇಲ್ಲ. ಆದರೂ ಆಕೆ ಸಂಜೆಯ ಹೊತ್ತು ಜಗಲಿಯಲ್ಲಿ ಕುಳಿತು ಅದನ್ನು ಬಿಡದೆ ನಡೆಸಿಕೊಂಡು ಬಂದರು. ನಾವು ಪಕ್ಕದಲ್ಲಿಯೇ ಕುಳಿತು ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆವು. ಇಬ್ಬರ ಕೆಲಸವೂ ಕಣ್ಣಿನದೇ. ಆದರೆ ಒಬ್ಬರದನ್ನು ಮಾತ್ರ ನಾವು ಕೆಲಸವೆಂದು ಕರೆಯುತ್ತಿದ್ದೆವು.

ಎರಡು ವರ್ಷಗಳ ಹಿಂದೆ ಆಕೆ ಹಾಕಿದ ಹೊಲಿಗೆಗಳು ಅಲ್ಲಲ್ಲಿ ಎಳೆ ತಪ್ಪತೊಡಗಿದುವು. ದೀಪದ ಬೆಳಕು ಸಾಲದು, ಬಟ್ಟೆ ಕಪ್ಪು, ವಯಸ್ಸಾಯಿತು ಎಂದು ಇಬ್ಬರೂ ಸಮಾಧಾನ ಹೇಳಿಕೊಂಡೆವು. ವೈದ್ಯರಿಗೆ ತೋರಿಸುವ ಹೊತ್ತಿಗೆ ಗ್ಲಾಕೋಮಾ ಎಂಬ ರೋಗವು ಎರಡೂ ಕಣ್ಣುಗಳಲ್ಲಿ ಬಹಳ ದೂರ ಮುಂದುವರಿದಿತ್ತು. ಈ ರೋಗದಲ್ಲಿ ಕಣ್ಣಿನಿಂದ ಮಿದುಳಿಗೆ ಹೋಗುವ ನರವು ಮೆಲ್ಲಮೆಲ್ಲನೆ ಕೆಡುತ್ತದೆ. ಸಾಮಾನ್ಯವಾಗಿ ನೋವಿಲ್ಲ, ಕೆಂಪಿಲ್ಲ; ಬದಿಯ ನೋಟ ಮೊದಲು ಹೋಗುವುದರಿಂದ ರೋಗಿಗೆ ಗೊತ್ತೂ ಆಗುವುದಿಲ್ಲ. ಹೋದ ದೃಷ್ಟಿ ಮರಳುವುದಿಲ್ಲ. ಉಳಿದುದನ್ನು ಔಷಧದಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಕಾಪಾಡಿಕೊಳ್ಳಬಹುದು, ಅಷ್ಟೆ. ನಲವತ್ತು ವರ್ಷ ದಾಟಿದವರು, ಅದರಲ್ಲಿಯೂ ಮನೆತನದಲ್ಲಿ ಈ ರೋಗವಿದ್ದವರು, ಕಣ್ಣಿನ ಒತ್ತಡವನ್ನೂ ನರವನ್ನೂ ಆಗಾಗ್ಗೆ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಹೊಲಿಗೆ ತಪ್ಪಿದಾಗ ದೀಪವನ್ನು ದೂರಿದ ನಮ್ಮ ತಪ್ಪನ್ನು ವಾಚಕರು ಮಾಡದಿರಲಿ.

ಆ ಸಮಯಕ್ಕೆ ಆಕೆಯ ಕೈಯಲ್ಲಿ ಒಂದು ಕುಂಚಿಗೆ ಇತ್ತು. ಕೂಸಿನ ತಲೆಯ ಮೇಲಿಂದ ಬೆನ್ನಿನವರೆಗೆ ಇಳಿಬೀಳುವ ಆ ಉಡುಪನ್ನು ನೋಡಿದವರು ಈಗ ಕಡಮೆ. ಮಗಳಿಗೆ ಎಂದಾದರೂ ಮಗುವಾದೀತೆಂದು ಮೊದಲೇ ಹಿಡಿದ ಕೆಲಸವದು. ಗೋಪುರದ ಸಾಲು ಮುಗಿದಿತ್ತು, ಆನೆಯ ಸಾಲು ಮುಗಿದಿತ್ತು. ತುಳಸೀಕಟ್ಟೆಯ ಸಾಲೊಂದು ಬಾಕಿ. ಆಕೆ ಅದನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟರು. ಮಗಳಿಗೆ ಐದನೆಯ ತಿಂಗಳೆಂದು ತಿಳಿದ ದಿನ ಮತ್ತೆ ಹೊರಗೆ ತೆಗೆದು, ಬೆರಳಿನಿಂದ ಸವರಿ, ಮತ್ತೆ ಒಳಗಿಟ್ಟರು. ಏನೂ ಹೇಳಲಿಲ್ಲ. ಮರುದಿನ ನಾವು, “ಆ ಸಾಲನ್ನು ನಮಗೆ ಕಲಿಸಿಕೊಡಬಾರದೆ?” ಎಂದು ಕೇಳಿದೆವು. ಆಕೆ ಬಹಳ ಹೊತ್ತು ನಕ್ಕರು. ನಗು ನಿಂತ ಮೇಲೆ, “ಮೊದಲ ಒಂದು ಬಿಳೇ ಅರಿವಿ ತಗೊಂಡ್ ಬರ್‍ರಿ” ಎಂದರು.

ಈಗ ಪಾಠಕ್ಕೆ ಬರೋಣ. ಕಸೂತಿಯೆಂಬುದು ಕೈ ಮತ್ತು ಸೂತಿ, ಅಂದರೆ ಹತ್ತಿಯ ನೂಲು, ಎಂಬ ಎರಡು ಮಾತುಗಳಿಂದ ಬಂದಿತೆಂದು ಹೇಳುವುದುಂಟು. ಧಾರವಾಡ, ಹುಬ್ಬಳ್ಳಿ, ವಿಜಾಪುರ, ಬಾಗಿಲುಕೋಟೆಯ ಪ್ರಾಂತಗಳು ಇದರ ತವರು. ಇಳಕಲ್ಲಿನ ಸೀರೆ ಇದರ ಮುಖ್ಯವಾದ ನೆಲ. ಈ ಶತಮಾನದ ಮೊದಲ ದಶಕದಲ್ಲಿ ಸರಕಾರವು ಇದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯನ್ನಿತ್ತಿತು. ಇದರಲ್ಲಿ ನಾಲ್ಕು ಬಗೆಯ ಹೊಲಿಗೆಗಳು: ಗವಂತಿ, ಮುರಗಿ, ನೇಗಿ, ಮೆಂಥೆ. ಗವಂತಿಯೆಂದರೆ ಹೋಗಿ ಬರುವ ಗೆರೆಯ ಹೊಲಿಗೆ. ಮುರಗಿಯೂ ಇದೇ ಜಾತಿಯದು, ಆದರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೇಗಿ ನೇಯ್ಗೆಯಂತೆ ಕಾಣುವ ಸಾದಾ ಓಟದ ಹೊಲಿಗೆ. ಮೆಂಥೆ ಮೆಂತ್ಯದ ಕಾಳಿನಂತೆ ಒತ್ತಾಗಿ ಕೂಡುವ ಅಡ್ಡಗೆರೆಯ ಹೊಲಿಗೆ. ಮೊದಲೆರಡು ಬಟ್ಟೆಯ ಎರಡೂ ಮುಖದಲ್ಲಿ ಒಂದೇ ರೀತಿ ಕಾಣುವುವು. ಉಳಿದೆರಡಕ್ಕೆ ಆ ಗುಣವಿಲ್ಲ. ಕಲಿಯುವವರು ಗವಂತಿಯಿಂದಲೇ ಪ್ರಾರಂಭಿಸತಕ್ಕದ್ದು.

ಬೇಕಾದ ಸಾಮಗ್ರಿ ಅತ್ಯಲ್ಪ. ಹಾಸು ಹೊಕ್ಕುಗಳು ಒಂದೇ ದಪ್ಪದ್ದಾಗಿ, ಎಣಿಸಲು ಬರುವಷ್ಟು ಬಿಡಿಬಿಡಿಯಾಗಿ ಕಾಣುವ ಒಂದು ಗೇಣು ಬಿಳಿಯ ಹತ್ತಿಯ ಬಟ್ಟೆ. ಕೆಂಪು ದಾರದ ಒಂದು ಲಡಿ. ಅಂಗಡಿಯಲ್ಲಿ ಸಿಗುವ ಕಸೂತಿಯ ದಾರದಲ್ಲಿ 6 ಎಳೆಗಳು ಕೂಡಿರುತ್ತವೆ. ಅವುಗಳಲ್ಲಿ 2 ಎಳೆಗಳನ್ನು ಬಿಡಿಸಿಕೊಂಡರೆ ಸಾಕು. ಮೊನೆ ಮೊಂಡಾದ, ಕಣ್ಣು ದೊಡ್ಡದಾದ ಸೂಜಿ ಒಂದು. ಮೊಂಡುಮೊನೆ ಏಕೆಂದರೆ, ಈ ಸೂಜಿಯು ಬಟ್ಟೆಯ ಎಳೆಯನ್ನು ಚುಚ್ಚಕೂಡದು. ಎರಡು ಎಳೆಗಳ ನಡುವಣ ಸಂದಿನಲ್ಲಿ ನುಸುಳಿಕೊಂಡು ಹೋಗಬೇಕು. ದಾರವು ಒಂದು ಮೊಳಕ್ಕಿಂತ ಉದ್ದವಿರಬಾರದು. ನಾವು ಮೊದಲ ದಿನ ಪದೇಪದೇ ಪೋಣಿಸುವ ಶ್ರಮ ತಪ್ಪಲೆಂದು ಎರಡು ಮಾರು ದಾರ ಹಾಕಿದೆವು. ಅದು ಅರ್ಧ ಗಳಿಗೆಯಲ್ಲಿ ಕಾಗೆಯ ಗೂಡಾಯಿತು.

ಬಟ್ಟೆಯ ಮೇಲೆ ಪೆನ್ಸಿಲಿನ ಗೆರೆಯಿಲ್ಲ, ಅಚ್ಚಿಲ್ಲ. ಎಣಿಕೆಯೊಂದೇ ಆಧಾರ. ದಾರದ ತುದಿಗೆ ಗಂಟು ಹಾಕಕೂಡದು; ಮೂರು ಬೆರಳಗಲದ ಬಾಲವನ್ನು ಹಿಂದೆ ಬಿಟ್ಟಿರಬೇಕು. ಈಗ ಸೂಜಿಯನ್ನು ಕೆಳಗಿನಿಂದ ಮೇಲಕ್ಕೆ ತನ್ನಿರಿ. ಬಲದಿಂದ ಎಡಕ್ಕೆ 4 ಎಳೆಗಳನ್ನು ಎಣಿಸಿ ಸೂಜಿಯನ್ನು ಕೆಳಕ್ಕಿಳಿಸಿರಿ. ಕೆಳಗೆ ಮತ್ತೆ 4 ಎಳೆಗಳನ್ನು ದಾಟಿ ಮೇಲಕ್ಕೆ ತನ್ನಿರಿ. ಹೀಗೆ ಮೇಲೆ ನಾಲ್ಕು, ಕೆಳಗೆ ನಾಲ್ಕು. 40 ಎಳೆಗಳ ಗೆರೆಯಲ್ಲಿ 10 ಹೆಜ್ಜೆಗಳಾದುವು: 5 ಮೇಲ್ಮೈಯಲ್ಲಿ, 5 ಹಿಮ್ಮೈಯಲ್ಲಿ. ಗೆರೆಯು ಈಗ ತುಂಡುತುಂಡಾಗಿ, ಇರುವೆಗಳ ಸಾಲಿನಂತೆ ಕಾಣುವುದು. ಇದು ಹೋಗುವ ದಾರಿ.

ಇನ್ನು ಬರುವ ದಾರಿ. ಬಟ್ಟೆಯನ್ನು ತಲೆಕೆಳಗು ಮಾಡಿ ಹಿಡಿದು, ಬಂದ ದಾರಿಯಲ್ಲಿಯೇ ಹಿಂದಿರುಗಿರಿ. ಹೋಗುವಾಗ ಎಲ್ಲಿ ದಾರವು ಕೆಳಗಿತ್ತೋ ಅಲ್ಲಿ ಈಗ ಮೇಲೆ ಹಾಕಬೇಕು. ಎಲ್ಲಿ ಮೇಲಿತ್ತೋ ಅಲ್ಲಿ ಕೆಳಗೆ ಹಾಯಿಸಬೇಕು. ಹೊಸ ರಂಧ್ರವೊಂದನ್ನೂ ಮಾಡಕೂಡದು. ಹಳೆಯ ರಂಧ್ರಗಳಲ್ಲಿಯೇ ಸೂಜಿ ಹೋಗಿ ಬರಬೇಕು. ಒಂದು ಸೂಕ್ಷ್ಮವುಂಟು: ಪ್ರತಿ ರಂಧ್ರದಲ್ಲಿಯೂ ಮೊದಲಿದ್ದ ದಾರದ ಒಂದೇ ಮಗ್ಗುಲಿನಿಂದ ಮೇಲೆ ಬಂದು, ಅದರ ಇನ್ನೊಂದು ಮಗ್ಗುಲಿನಿಂದ ಕೆಳಗಿಳಿಯಬೇಕು, ಹಳೆಯ ದಾರವನ್ನು ಸೂಜಿಯಿಂದ ಸೀಳಬಾರದು. ಹಾಗೆ ಮಾಡಿದರೆ ಗೆರೆಯು ನೂಲು ಹಿಡಿದಂತೆ ನೆಟ್ಟಗೆ ಕೂಡುವುದು. ಮಾಡದಿದ್ದರೆ ಹಾವಿನಂತೆ ಹೊರಳುವುದು. ಮುಗಿದ ಮೇಲೆ ಬಾಲಗಳನ್ನು ಹೊಲಿಗೆಯ ಅಡಿಯಲ್ಲಿಯೇ ನುಸುಳಿಸಿ ಮರೆಮಾಡಬೇಕು. ಈಗ ಬಟ್ಟೆಯನ್ನು ತಿರುಗಿಸಿ ನೋಡಿರಿ: ಮುಂದು ಯಾವುದು, ಹಿಂದು ಯಾವುದು ಎಂದು ಹೇಳಲಾಗದು.

ಬರೆಯುವುದಕ್ಕೆ ಇಷ್ಟೆ. ಮಾಡುವುದಕ್ಕೆ ನಮಗೆ ಹದಿನೆಂಟು ದಿನ ಹಿಡಿದವು. ಮೊದಲ ಸಾಲನ್ನು ಮುಗಿಸಿ ಬಹಳ ಹಿಗ್ಗಿನಿಂದ ಆಕೆಯ ಮುಂದೆ ಹಿಡಿದಾಗ ಆಕೆ ಮೇಲ್ಮೈಯನ್ನು ಮುಟ್ಟಲೇ ಇಲ್ಲ. “ಮುಂದ ಏನ್ ನೋಡೂದು? ಹಿಂದ ತಿರುವ್ರಿ” ಎಂದರು. ಹಿಮ್ಮೈಯ ಮೇಲೆ ಹೆಬ್ಬೆರಳನ್ನು ಎಡದಿಂದ ಬಲಕ್ಕೆ ಒಮ್ಮೆ ಎಳೆದು, “ಇಲ್ಲೊಂದು ಗಂಟು. ಇಲ್ಲಿ ಮೂರಽ ಎಳಿ ಎಣಿಸೀರಿ. ಇಲ್ಲಿ ಜಗ್ಗೀರಿ, ಅರಿವಿ ಸೊಕ್ಕಗಟ್ಟೇದ” ಎಂದರು. ಗಂಟನ್ನು ಹಾಕಬಾರದೆಂದು ಹೇಳಿದ್ದರೂ ಮರೆಯಾಗಿ ಒಂದನ್ನು ಹಾಕಿದ್ದೆವು. ಕಣ್ಣು ಕಾಣದವರು ಹಿಡಿದರು. ಮೂವತ್ತು ವರ್ಷಗಳಲ್ಲಿ ನಾವು ಅದೆಷ್ಟು ಉತ್ತರಪತ್ರಿಕೆಗಳಿಗೆ ಕೆಂಪು ಗೆರೆ ಎಳೆದಿದ್ದೆವೋ! ನಮ್ಮ ಕೆಂಪು ಗೆರೆಯನ್ನು ತಿದ್ದುವವರು ಈಗ ಸಿಕ್ಕಿದರು.

ಆದರೆ ಒಂದು ಸಂಗತಿಯಿಂದ ನಮಗೆ ಧೈರ್ಯ ಬಂದಿತು. ಈ ಕೆಳಗೆ ಮೇಲೆ ಎಂಬ ನಡಿಗೆಯನ್ನು ನಾವು ಎಂದೂ ಕಾಣದವರಲ್ಲ. ನಮ್ಮ ಸೇವೆಯೆಲ್ಲ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿಯೇ ಕಳೆಯಿತು. ಕೋಟೆಯ ಕಾಡಿನಂಚಿನ ಹಳ್ಳಿಗಳಲ್ಲಿ ಹೆಂಗಸರು ಮುತ್ತುಗದ ಎಲೆಗಳನ್ನು ಹಚ್ಚುವಾಗ ಸಣ್ಣ ಕಡ್ಡಿಯನ್ನು ಒಂದು ಕಡೆ ಇಳಿಸಿ ಇನ್ನೊಂದು ಕಡೆ ಎತ್ತುವರು. ಅದು ಹೊಲಿಗೆಯಲ್ಲದೆ ಮತ್ತೇನು? ಕೃಷ್ಣರಾಜನಗರದ ಅಕ್ಕಿಯ ಗಿರಣಿಗಳಲ್ಲಿ ಆಳುಗಳು ದಬ್ಬಣದಿಂದ ಗೋಣಿಯ ಬಾಯನ್ನು ಹೊಲಿಯುವುದನ್ನು ನಿಂತು ನೋಡಿದ್ದೆವು. ಹುಣಸೂರು ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪಿನ ಕಾಲ ಬಂದಿತೆಂದರೆ ಬೇಯಿಸುವ ಮನೆಗಳ ಮುಂದೆ ಹೆಂಗಸರು ಸಾಲಾಗಿ ಕುಳಿತು, ಹಸುರೆಲೆಗಳನ್ನು ಕಡ್ಡಿಯ ಆಚೆಗೊಂದು ಈಚೆಗೊಂದು ಹಿಡಿಯಾಗಿ ದಾರದಿಂದ ಕಟ್ಟುವರು. ಆ ಕೈಗಳ ವೇಗವನ್ನು ಕಣ್ಣು ಹಿಂಬಾಲಿಸಲಾರದು. ನೂಲಿನ ನಡಿಗೆಯೆಲ್ಲ ಒಂದೇ: ಒಂದು ಹೆಜ್ಜೆ ಬೆಳಕಿನಲ್ಲಿ, ಒಂದು ಹೆಜ್ಜೆ ಮರೆಯಲ್ಲಿ.

ಈ ಸೀಮೆಗೆ ಕೈಕಸಬು ಹೊಸದೂ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಹುಣಸೂರಿನಲ್ಲಿ ಮದರಾಸು ಸೈನ್ಯಕ್ಕಾಗಿ ಬೂಟುಗಳನ್ನೂ ಬೆನ್ನುಚೀಲಗಳನ್ನೂ ಮಾಡುವ ದೊಡ್ಡ ಕಾರ್ಖಾನೆಗಳಿದ್ದುವು. ಅವು 1864ರಲ್ಲಿ ಮುಚ್ಚಿದುವು; ಆದರೆ ಅಲ್ಲಿ ಕಲಿತ ಕೈಗಳು ಊರಿನಲ್ಲಿಯೇ ಉಳಿದು ಕಸಬನ್ನು ಮುಂದುವರಿಸಿದುವು. ಪಿರಿಯಾಪಟ್ಟಣದ ಬೈಲುಕುಪ್ಪೆಗೆ 1961ರಲ್ಲಿ ಬಂದು ನೆಲಸಿದ ಟಿಬೆಟ್ಟಿನ ಜನರು, ಬಿಟ್ಟುಬಂದ ದೇಶದಿಂದ ಹೊತ್ತು ತರಲು ಬೇರೇನೂ ಇಲ್ಲದಿದ್ದರೂ, ರತ್ನಗಂಬಳಿಯನ್ನು ನೇಯುವ ವಿದ್ಯೆಯನ್ನು ಬೆರಳಲ್ಲಿ ತಂದರು. ಕಾರ್ಖಾನೆಗೆ ಬೀಗ ಬೀಳಬಹುದು, ದೇಶವೇ ತಪ್ಪಿಹೋಗಬಹುದು; ಕೈಯಲ್ಲಿದ್ದುದು ಕೈಯಲ್ಲಿಯೇ ಇರುತ್ತದೆ. ಆದರೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟದಿದ್ದರೆ ಒಂದೇ ತಲೆಯಲ್ಲಿ ಮುಗಿದುಹೋಗುತ್ತದೆ.

ವಿದ್ಯಾವಂತರು ಹೊಲಿಗೆಯನ್ನು ಕೀಳೆಂದು ಎಣಿಸುವುದಕ್ಕೆ ಶಾಸ್ತ್ರದ ಆಧಾರವೂ ಇಲ್ಲ. ವಾತ್ಸ್ಯಾಯನನು ಎಣಿಸಿದ ಅರವತ್ತನಾಲ್ಕು ಕಲೆಗಳಲ್ಲಿ ಸೂಚೀವಾನಕರ್ಮವೂ ಒಂದು. ಶಾಸ್ತ್ರದ ಚಿಕ್ಕ ವಾಕ್ಯಕ್ಕೆ ನಾವು ಇಟ್ಟಿರುವ ಹೆಸರೇ ಸೂತ್ರ, ಅಂದರೆ ದಾರ. ಪುಸ್ತಕಕ್ಕೆ ಗ್ರಂಥ, ಅಂದರೆ ಕಟ್ಟಿದ್ದು. ಪುಸ್ತಕದ ಕೊನೆಯ ಪಟ್ಟಿಗೆ ಸೂಚಿ, ಅಂದರೆ ಸೂಜಿ. ನಮ್ಮ ಶರಣರ ಸಾಲಿನಲ್ಲಿ ಸೂಜಿಕಾಯಕದ ರಾಮಿತಂದೆಯ ಹೆಸರುಂಟು. ಋಗ್ವೇದದ ಎರಡನೆಯ ಮಂಡಲದಲ್ಲಿ ರಾಕಾ ಎಂಬ ಹುಣ್ಣಿಮೆಯ ದೇವತೆಯನ್ನು ಕುರಿತು, ಮುರಿಯದ ಸೂಜಿಯಿಂದ ಅವಳು ನಮ್ಮ ಕರ್ಮವನ್ನು ಹೊಲಿಯಲೆಂಬ ಪ್ರಾರ್ಥನೆಯಿದೆ; ಆ ಮಂತ್ರವನ್ನು ಸೀಮಂತದಲ್ಲಿ ಹೇಳುವರು. ನಾವು ಅದನ್ನು ಎಷ್ಟೋ ಮನೆಗಳಲ್ಲಿ ಕೇಳಿದ್ದೆವು. ಮಗಳ ಸೀಮಂತದ ದಿನ ಪುರೋಹಿತರು ಅದನ್ನು ಹೇಳುವಾಗ ನಮ್ಮ ಎಡಗೈಯ ತೋರುಬೆರಳಿನ ತುದಿಯಲ್ಲಿ ಸೂಜಿಯ ಕಲೆಗಳಿದ್ದುವು. ಆ ಸಲ ಮಂತ್ರದ ಅರ್ಥಕ್ಕೆ ಭಾಷ್ಯ ಬೇಕಾಗಲಿಲ್ಲ.

ಪಶ್ಚಿಮದ ದೇಶಗಳಲ್ಲಿಯೂ ಇದೇ ಹೊಲಿಗೆಯುಂಟು. ಅಲ್ಲಿ ಇದಕ್ಕೆ ಹೋಲ್‌ಬೈನ್ ಹೊಲಿಗೆಯೆಂದು ಹೆಸರು. ಹಾನ್ಸ್ ಹೋಲ್‌ಬೈನ್ ಎಂಬವನು ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಆಸ್ಥಾನದಲ್ಲಿದ್ದು 1543ರಲ್ಲಿ ತೀರಿಕೊಂಡ ಚಿತ್ರಗಾರ. ಅವನು ಹೊಲಿಗೆಯವನಲ್ಲ, ಆದರೆ ರಾಣಿ ಜೇನ್ ಸೀಮೋರಳ ಚಿತ್ರದಲ್ಲಿ ಅವಳ ಮುಂಗೈಯ ಬಿಳಿಯ ಬಟ್ಟೆಯ ಮೇಲಣ ಕಪ್ಪು ಹೊಲಿಗೆಯನ್ನು ಎಷ್ಟು ನಿಷ್ಠೆಯಿಂದ ಬರೆದಿರುವನೆಂದರೆ ಹೊಲಿಗೆಗೇ ಅವನ ಹೆಸರು ಅಂಟಿಕೊಂಡಿತು. ಹೊಲಿದ ಹೆಂಗಸಿನ ಹೆಸರು ಯಾರಿಗೂ ತಿಳಿಯದು. ನೋಡಿ ಬರೆದವನ ಹೆಸರು ನಿಂತಿತು. ಬಂಗಾಳದ ಕಂಥಾ, ಜಪಾನಿನ ಸಾಶಿಕೋ ಇವೂ ಓಟದ ಹೊಲಿಗೆಯ ಮೇಲೆಯೇ ನಿಂತವು. ಕಂಥಾ ಎಂಬ ಸಂಸ್ಕೃತದ ಮಾತೇ ನಮ್ಮಲ್ಲಿ ಕಂತೆಯಾಗಿ ಗಾದೆಗೆ ಸೇರಿರುವುದನ್ನು ವಾಚಕರು ಬಲ್ಲರು.

ಎರಡನೆಯ ಪಾಠ ಕೊಂಬೆಗಳದು. ಗೆರೆಯೊಂದನ್ನು ಕಲಿತವರು ತುಳಸೀಕಟ್ಟೆಗೆ ಬಂದಾಗ ಕಂಗಾಲಾಗುವರು. ಕಟ್ಟೆಯ ಗೆರೆಯಿಂದ ಗಿಡವು ಮೇಲೇಳುತ್ತದೆ, ಗಿಡದಿಂದ ಕವಲುಗಳು ಒಡೆಯುತ್ತವೆ. ದಾರವನ್ನು ಕತ್ತರಿಸದೆ, ಗಂಟು ಹಾಕದೆ, ಎಲ್ಲ ಕಡೆಗೂ ಹೋಗಿ ಹೊರಟ ಸ್ಥಳಕ್ಕೆ ಬರಬೇಕು. ಆಕೆ ಹೇಳಿದ ಉಪಾಯವಿದು: ಮುಂದಕ್ಕೆ ಹೋಗುತ್ತಿರುವಾಗ ಕವಲು ಬಂದರೆ ಅದರೊಳಕ್ಕೆ ಹೋಗಿ, ತುದಿ ಮುಟ್ಟಿ, ಬಂದ ದಾರಿಯಲ್ಲಿಯೇ ತುಂಬಿಕೊಂಡು ಹಿಂದಿರುಗಿ, ಮತ್ತೆ ದೊಡ್ಡ ದಾರಿಯಲ್ಲಿ ಮುಂದುವರಿಯುವುದು. ಕೊನೆ ಮುಟ್ಟಿದ ಮೇಲೆ ದೊಡ್ಡ ದಾರಿಯೊಂದನ್ನೇ ತುಂಬುತ್ತ ಮನೆಗೆ ಬರುವುದು.

ಮೇಲೆ ಕೆಳಗಿನ ಲೆಕ್ಕವು ಕವಲಿನಿಂದ ತಪ್ಪಿಹೋಗದೆ ಎಂದು ನಮಗೆ ಸಂಶಯ. ಕಾಗದದ ಮೇಲೆ ಹಾಕಿ ನೋಡಲಾಗಿ ಸಮಾಧಾನ ದೊರೆಯಿತು. ಕವಲು 3 ಹೆಜ್ಜೆಯದಾದರೆ ಹೋಗಿ ಬರಲು 6, 5 ಹೆಜ್ಜೆಯದಾದರೆ 10. ಎಷ್ಟಿದ್ದರೂ ಹೋಗಿ ಬಂದರೆ ಸಮಸಂಖ್ಯೆಯೇ. ಆದುದರಿಂದ ಕವಲಿನಿಂದ ಹಿಂದಿರುಗಿದಾಗ ಸೂಜಿಯು ಹೊರಟಾಗ ಯಾವ ಮುಖದಲ್ಲಿತ್ತೋ ಆ ಮುಖದಲ್ಲಿಯೇ ಇರುತ್ತದೆ. ದೊಡ್ಡ ದಾರಿಯ ಲೆಕ್ಕ ಕೆಡುವುದಿಲ್ಲ. ಲಿಯೊನಾರ್ಡ್ ಆಯ್ಲರ್ ಎಂಬ ಗಣಿತಜ್ಞನು ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳನ್ನು ತಲಾ ಒಂದೇ ಸಲ ದಾಟಿ ಬರಲು ಸಾಧ್ಯವೆ ಎಂಬ ಪ್ರಶ್ನೆಯನ್ನೆತ್ತಿಕೊಂಡು, ಸಾಧ್ಯವಿಲ್ಲವೆಂದು 1736ರಲ್ಲಿ ತೋರಿಸಿದನು. ಆದರೆ ಪ್ರತಿಯೊಂದನ್ನೂ ಎರಡು ಸಲ ದಾಟಬಹುದೆಂದರೆ, ಒಂದಕ್ಕೊಂದು ಕೂಡಿಕೊಂಡಿರುವ ಯಾವ ದಾರಿಗಳನ್ನಾದರೂ ಮುಗಿಸಿ ಹೊರಟಲ್ಲಿಗೆ ಬರಬಹುದು. ಗವಂತಿಯ ಗುಟ್ಟು ಇದೇ. ಇದನ್ನು ಆಕೆಗೆ ವಿವರಿಸಿದಾಗ, “ಅದಕ್ಕಽ ನಾ ಹೇಳಿದ್ದು, ಒಳಗ ಹೋಗಿ ಹೊರಗ ಬರ್‍ರಿ ಅಂತ” ಎಂದರು.

ಕಲಿಯುವವರು ಸಾಮಾನ್ಯವಾಗಿ ಮಾಡುವ ತಪ್ಪುಗಳನ್ನು, ನಾವೇ ಎಲ್ಲವನ್ನೂ ಮಾಡಿರುವುದರಿಂದ, ಅನುಭವದ ಮೇಲೆ ಹೇಳಬಲ್ಲೆವು. ದಾರವನ್ನು ಬಿಗಿಯಾಗಿ ಎಳೆದರೆ ಬಟ್ಟೆ ಸುಕ್ಕಾಗುವುದು. ದಾರವು ಬಟ್ಟೆಯ ಮೇಲೆ ಮಲಗಿರಬೇಕಲ್ಲದೆ ಅದನ್ನು ಕಟ್ಟಿಹಾಕಕೂಡದು. ಹೊಲಿಯುತ್ತ ಹೋದಂತೆ ದಾರಕ್ಕೆ ಹುರಿ ಏರುವುದು. ಹತ್ತು ಹದಿನೈದು ಹೆಜ್ಜೆಗೊಮ್ಮೆ ಸೂಜಿಯನ್ನು ಗಾಳಿಯಲ್ಲಿ ತೂಗಬಿಟ್ಟರೆ ಅದು ತಾನೇ ತಿರುಗಿ ಹುರಿ ಬಿಡುವುದು. ಎಣಿಕೆಯ ನಡುವೆ ಮಾತಾಡಕೂಡದು. ಎಲ್ಲಕ್ಕಿಂತ ಮುಖ್ಯವಾದುದು: ಹೋಗುವಾಗ ಒಂದು ಎಳೆ ತಪ್ಪಿದರೆ ಆಗ ತಿಳಿಯುವುದಿಲ್ಲ; ಸೇರಬೇಕಾದ ಗೆರೆಗಳು ಸೇರದಿರುವಾಗ ತಿಳಿಯುವುದು. ಅಲ್ಲಿಂದ ಬಿಚ್ಚಿಕೊಂಡು ತಪ್ಪಿದ ಸ್ಥಳದವರೆಗೂ ಹೋಗಬೇಕು. ಸ್ವಲ್ಪ ಎಳೆದು ಸೇರಿಸಿಬಿಡೋಣವೆಂದರೆ ಅಲ್ಲಿಂದ ಮುಂದೆ ಎಲ್ಲವೂ ಓರೆಯಾಗುವುದು.

ಬಿಚ್ಚುವುದೆಂದಾಗ ನಮ್ಮ ಹಳೆಯ ತಪ್ಪೊಂದನ್ನೂ ಇಲ್ಲಿ ಹೇಳಬೇಕಾಗಿದೆ. ನಾವು ಕೆಲಸ ಮಾಡಿದ ಶಾಲೆಯೊಂದರಲ್ಲಿ ವಾರಕ್ಕೆರಡು ಹೊಲಿಗೆಯ ಪಿರಿಯಡ್ಡುಗಳಿದ್ದುವು. ಪರೀಕ್ಷೆ ಹತ್ತಿರ ಬಂದಂತೆ ಅವನ್ನು ನಾವು ನಮ್ಮ ಪಾಠಕ್ಕೆ ತೆಗೆದುಕೊಳ್ಳುತ್ತಿದ್ದೆವು, ಯಾರೂ ಬೇಡವೆನ್ನುತ್ತಿರಲಿಲ್ಲ. ಹದಿನೈದು ವರ್ಷಗಳ ಹಿಂದಿನ ಮಾತು. ಅಂಥ ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮೇಜಿನ ಕೆಳಗೆ ಕೈಯಿಟ್ಟುಕೊಂಡು ಏನನ್ನೋ ಮಾಡುತ್ತಿದ್ದಳು. ಹೋಗಿ ನೋಡಲಾಗಿ ಒಂದು ಕರವಸ್ತ್ರ. ಅದರ ಮೂಲೆಯಲ್ಲಿ ಅರ್ಧ ಮುಗಿದ ಹೂಬಳ್ಳಿ. ಅವಳ ಬೆರಳುಗಳು ಹೊಗೆಸೊಪ್ಪು ಕಟ್ಟಿದ ಅಂಟಿನಿಂದ ಕಪ್ಪಾಗಿದ್ದುವು. ಕರವಸ್ತ್ರ ಮಾತ್ರ ಬೆಳ್ಳಗೇ ಇತ್ತು. “ಇದು ಪರೀಕ್ಷೆಯಲ್ಲಿ ಬರುವುದೆ?” ಎಂದು ಕೇಳಿ ಅದನ್ನು ಕಿತ್ತುಕೊಂಡೆವು. ತರಗತಿ ನಕ್ಕಿತು. ವರ್ಷದ ಕೊನೆಯಲ್ಲಿ ಕೊಡುವೆವೆಂದು ಬೀರುವಿನಲ್ಲಿಟ್ಟೆವು. ಆ ವರ್ಷದ ಕೊನೆಗೆ ಅವಳು ಶಾಲೆಯಲ್ಲಿರಲಿಲ್ಲ. ನಾವು ವಿಚಾರಿಸಲಿಲ್ಲ.

ನಿವೃತ್ತಿಯಾದ ದಿನ ಬೀರುವನ್ನು ಖಾಲಿ ಮಾಡುವಾಗ ಅದು ಕೈಗೆ ಸಿಕ್ಕಿತು. ಮನೆಗೆ ತಂದು ಎಲ್ಲಿಯೋ ಇಟ್ಟಿದ್ದೆವು. ನಮ್ಮ ಪಾಠ ನಡೆಯುತ್ತಿದ್ದ ದಿನಗಳಲ್ಲಿ ಒಂದು ಸಂಜೆ ಅದನ್ನು ನಮ್ಮ ಮನೆಯವರ ಕೈಗೆ ಕೊಟ್ಟೆವು, ಯಾರದೆಂದು ಹೇಳಲಿಲ್ಲ. ಆಕೆ ಅಭ್ಯಾಸದಂತೆ ಹಿಮ್ಮೈಯನ್ನು ಸವರಿದರು. ಎರಡು ಸಲ ಸವರಿದರು. “ಒಂದೂ ಗಂಟಿಲ್ಲ. ಇದು ನಿಮ್ದಲ್ಲ. ಯಾರದ್ರೀ ಈ ಕೈ?” ಎಂದರು. ನಾವು ನಡೆದುದನ್ನು ಹೇಳಿದೆವು. ಆಕೆ ಏನೂ ಅನ್ನದೆ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ತಿರುಗಿ ಕೊಟ್ಟರು. ಆ ಮೌನಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಆ ಹಳ್ಳಿಗೆ ಹೋಗಿ ಕೇಳಿ ಬಂದೆವು. ಅವರ ಮನೆಯವರು ಊರು ಬಿಟ್ಟು ಬಹುಕಾಲವಾಯಿತೆಂದು ತಿಳಿಯಿತು. ಕರವಸ್ತ್ರವು ನಮ್ಮ ಬಳಿ ಹಾಗೆಯೇ ಇದೆ. ಅದನ್ನು ನಾವು ಮುಗಿಸಿಲ್ಲ. ಮುಗಿಸುವ ಅಧಿಕಾರ ನಮಗಿಲ್ಲ.

ಕುಂಚಿಗೆಯ ಕಡೆಗೆ ಬರೋಣ. ಬಿಳಿಯ ಬಟ್ಟೆಯಲ್ಲಿ ಕೈ ಕುದುರಿದ ಮೇಲೆ ಕರಿಯ ಬಟ್ಟೆಯನ್ನು ಹಿಡಿದೆವು. ಕಪ್ಪಿನಲ್ಲಿ ಎಳೆ ಕಾಣದು. ತೊಡೆಯ ಮೇಲೆ ಬಿಳಿಯ ಪಂಚೆಯನ್ನು ಹಾಸಿಕೊಂಡು ಅದರ ಮೇಲೆ ಬಟ್ಟೆಯನ್ನಿಟ್ಟರೆ ಸಂದುಗಳು ಬೆಳ್ಳಗೆ ತೋರುವುವು. ಹಗಲಿನ ಬೆಳಕಿನಲ್ಲಿಯೇ ಕೂರಬೇಕು. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊಲಿಯಲು ಆಕೆ ಬಿಡಲಿಲ್ಲ. ಮನೆಯಲ್ಲಿ ಒಬ್ಬರ ಕಣ್ಣು ಹೋದುದು ಸಾಕೆಂದರು. ಹೆಣ್ಣುಮಗು ಹುಟ್ಟಿತು. ನಾಮಕರಣಕ್ಕೆ ಮೂರು ದಿನವಿರುವಾಗ ತುಳಸೀಕಟ್ಟೆಯ ಕೊನೆಯ ಗಿಡವು ಕಟ್ಟೆಗೆ ಕೂಡಲಿಲ್ಲ. ಒಂದು ಎಳೆ ಅಂತರ. ಬರಿಗಣ್ಣಿಗೆ ಕಾಣುವಂಥದಲ್ಲ. ಹೆಬ್ಬೆರಳು ಬಂದಿತು, ಅಲ್ಲಿಯೇ ನಿಂತಿತು. ಬಿಚ್ಚಿದರೆ ನಾಮಕರಣಕ್ಕೆ ಮುಗಿಯದೆಂದು ನಾವು ಹೇಳಿದೆವು. “ಕೂಸು ಎಲ್ಲಿಗೂ ಹೋಗೂದಿಲ್ಲ. ಬಿಚ್ಚರಿ” ಎಂದರು.

ಬಿಚ್ಚಿದೆವು. ನಾಮಕರಣದ ದಿನ ಮಗುವು ಅಂಗಡಿಯ ಟೊಪ್ಪಿಗೆಯನ್ನು ಹಾಕಿಕೊಂಡು ತೊಟ್ಟಿಲಲ್ಲಿ ಮಲಗಿತು. ಬಂದವರು ಅದನ್ನೇ ಚೆನ್ನಾಗಿದೆಯೆಂದರು. ಎಂಟು ದಿನದ ಮೇಲೆ ಕುಂಚಿಗೆ ಮುಗಿಯಿತು. ಆನೆಯ ಸಾಲಿಗೂ ತುಳಸೀಕಟ್ಟೆಯ ಸಾಲಿಗೂ ಇರುವ ತಾರತಮ್ಯವನ್ನು ಬಲ್ಲವರು ಈಗಲೂ ಗುರುತಿಸುವರು. ಆಕೆ ಹಿಮ್ಮೈಯನ್ನು ಮೂಲೆಯಿಂದ ಮೂಲೆಗೆ ಸವರಿ, ತಾವು ಬಿಟ್ಟ ಸ್ಥಳ ಯಾವುದು, ನಾವು ಹಿಡಿದ ಸ್ಥಳ ಯಾವುದು ಎಂದು ಬೆರಳಿಟ್ಟು ತೋರಿಸಿದರು. ಅನಂತರ, “ನಡೀತದ” ಎಂದರು. ಮೂವತ್ತು ವರ್ಷದ ಸೇವೆಯಲ್ಲಿ ನಮಗೆ ಬಂದ ಪ್ರಶಸ್ತಿಪತ್ರಗಳು ಎರಡು ಮೂರು ಇವೆ. ಅವುಗಳ ಮಾತು ಬೇರೆ.

ವಾಚಕ ಮಹಾಶಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಮನೆಯಲ್ಲಿ ತಾಯಿಯೋ ಅಜ್ಜಿಯೋ ಅತ್ತೆಯೋ ಬಲ್ಲ ಕೈಗೆಲಸ ಒಂದಾದರೂ ಇದ್ದೇ ಇರುವುದು. ಕಸೂತಿಯೇ ಆಗಬೇಕೆಂದಿಲ್ಲ, ರವಿಕೆಗೆ ಕಾಜಾ ಹಾಕುವುದೂ ಆದೀತು. ಅವರ ಕಣ್ಣು ಚೆನ್ನಾಗಿರುವಾಗಲೇ ಪಕ್ಕದಲ್ಲಿ ಕುಳಿತು ಕಲಿಯಿರಿ. ಗಂಡುಮಕ್ಕಳೂ ಕಲಿಯಲಿ, ಸೂಜಿಗೆ ಆ ಭೇದ ಗೊತ್ತಿಲ್ಲ. ಶಾಲೆಯಲ್ಲಿ ಹೊಲಿಗೆಯ ಪಿರಿಯಡ್ಡು ಇದ್ದರೆ, ನಮ್ಮಂಥ ಮೇಷ್ಟರು ಅದನ್ನು ಕೇಳಲು ಬಂದಾಗ ಕೊಡಬೇಡಿರಿ. ಒಂದು ಗೇಣು ಬಿಳಿಯ ಬಟ್ಟೆ, ಒಂದು ಮೊಳ ಕೆಂಪು ದಾರ, ಮೊಂಡುಮೊನೆಯ ಒಂದು ಸೂಜಿ: ಇವಿಷ್ಟನ್ನು ಇಟ್ಟುಕೊಂಡು ಹಗಲಿನ ಬೆಳಕಿನಲ್ಲಿ ಕುಳಿತು, ನಾಲ್ಕು ಎಳೆ ಎಣಿಸಿ, ಮೊದಲ ಹೆಜ್ಜೆ ಹಾಕಿರಿ. ಗಂಟು ಮಾತ್ರ ಬೇಡ.